ಖಾಲಿ ಜಾಗದ ಹಳೆಯ ಲೆಕ್ಕಗಳು

(ಕೋಲಾರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ವಿಷಯ ಕೊಟ್ಟಿದ್ದು ಇಲ್ಲಿನ ವಿದ್ಯಾರ್ಥಿಗಳು. ಭೌತವಿಜ್ಞಾನಿ ಡಿರಾಕ್ ಹೇಳಿದ ಎಲೆಕ್ಟ್ರಾನುಗಳ ಕಡಲು, ತಾಪ ಪೂರ್ತಿ ಇಳಿದರೂ ಉಳಿದು ಎಲ್ಲೆಲ್ಲೂ ತುಂಬಿದೆ ಎನ್ನುವ ಶೂನ್ಯಬಿಂದು ವಿಕಿರಣ, ಬೆಳಕಿನ ಅಲೆ ಸಾಗಲು ಬೇಕಾದ ಮಾಧ್ಯಮ ಎಂದು ಹಿಂದಿನವರು ನಂಬಿದ್ದ, ಆಗಾಗ ಹೊಸ ಅಂಗಿ ತೊಟ್ಟು ಬರುವ ಈಥರ್, ಇವೆಲ್ಲ ಇವತ್ತಿನ ಭೌತಶಾಸ್ತ್ರದಲ್ಲಿ ಇನ್ನೂ ನಿಲ್ಲುತ್ತವೆಯೇ ಎಂದು ಕೇಳಿದ್ದಾರೆ. ಪಠ್ಯಪುಸ್ತಕ ಇವನ್ನು ಅರ್ಧ ಪುಟದಲ್ಲಿ ಮುಗಿಸಿ ಮುಂದೆ ಹೋಗುತ್ತದೆ. ಮೊಬೈಲ್ ತೆರೆದರೆ ಇವೇ ಪರಮಸತ್ಯ ಎನ್ನುವವರು ಸಾಲುಗಟ್ಟಿ ನಿಂತಿದ್ದಾರೆ. ಎರಡರ ನಡುವೆ ಸಿಕ್ಕಿದವರ ಪಾಡು ನನಗೆ ಅರ್ಥವಾಗುತ್ತದೆ.

ಒಂದು ಮಾದರಿ ಬಿದ್ದುಹೋಯಿತು ಎಂದಾಗ ಅದರಲ್ಲಿ ಬಿದ್ದದ್ದು ಯಾವುದು ಅಂತ ಕೇಳಬೇಕು. ಲೆಕ್ಕ ಮಾಡುವ ದಾರಿ ತಪ್ಪಾಯಿತೇ? ಅಥವಾ ಲೆಕ್ಕ ಸರಿಯಾಗಿಯೇ ಇದ್ದು, ‘ಅಲ್ಲಿ ನಿಜಕ್ಕೂ ಇಂಥದ್ದೊಂದು ವಸ್ತು ತುಂಬಿದೆ’ ಎಂಬ ಮಾತು ಮಾತ್ರ ಬೇಡವಾಯಿತೇ? ನಿರ್ವಾತದ ಹಳೆಯ ಮಾದರಿಗಳ ವಿಷಯದಲ್ಲಿ ಈ ಎರಡನ್ನು ಬೆರೆಸಿಬಿಟ್ಟರೆ ಮಾತು ಎಲ್ಲೂ ಮುಟ್ಟುವುದಿಲ್ಲ.

ಡಿರಾಕ್‌ನಿಂದ ಶುರು ಮಾಡೋಣ. 1928ರಲ್ಲಿ ಅವರು ಸಾಪೇಕ್ಷತೆಗೂ ಕ್ವಾಂಟಂ ಸಿದ್ಧಾಂತಕ್ಕೂ ಒಗ್ಗುವಂಥ ಎಲೆಕ್ಟ್ರಾನ್ ಸಮೀಕರಣ ಬರೆದರು. ಸಾಪೇಕ್ಷತೆಯಲ್ಲಿ ಶಕ್ತಿಯ ವರ್ಗಕ್ಕೆ ಸೂತ್ರ ಇರುತ್ತದೆ. ವರ್ಗಮೂಲ ತೆಗೆದರೆ ಧನ, ಋಣ ಎರಡೂ ಬರುತ್ತವೆ. ಋಣವನ್ನು ಕಸದ ಬುಟ್ಟಿಗೆ ಎಸೆಯೋಣ ಎಂದರೆ ಕ್ವಾಂಟಂ ನಿಯಮ ಬಿಡುವುದಿಲ್ಲ. ಋಣ ಶಕ್ತಿಯ ಮಟ್ಟಗಳಿಗೆ ತಳವೇ ಇಲ್ಲವಾದ್ದರಿಂದ ಪ್ರತಿ ಎಲೆಕ್ಟ್ರಾನೂ ಬೆಳಕು ಸೂಸುತ್ತಾ ಕೆಳಕ್ಕೆ, ಇನ್ನೂ ಕೆಳಕ್ಕೆ ಜಾರುತ್ತಲೇ ಇರಬೇಕಿತ್ತು. ಹಾಗಾಗುತ್ತಿಲ್ಲ, ನಾವು ನೀವು ಇಲ್ಲಿ ಕೂತಿದ್ದೇವೆ.

1930ರಲ್ಲಿ ಡಿರಾಕ್ ಕೊಟ್ಟ ಪರಿಹಾರ ಗಟ್ಟಿ ಎದೆಯವರು ಮಾತ್ರ ಕೊಡಬಲ್ಲಂಥದ್ದು. ಕೆಳಗಿನ ಮಟ್ಟಗಳೆಲ್ಲ ಆಗಲೇ ಭರ್ತಿಯಾಗಿವೆ ಎಂದರು. ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನ್ ಇರಬಹುದು ಎಂಬ ಪೌಲಿ ನಿಯಮ ಇರುವುದರಿಂದ ಮೇಲಿನದು ಕೆಳಗೆ ಬೀಳಲಾರದು. ನಾವು ಖಾಲಿ ಎನ್ನುವ ಜಾಗ ಅಂಚಿನವರೆಗೆ ತುಂಬಿದ ಕಡಲು. ಅದರಿಂದ ಒಂದು ಎಲೆಕ್ಟ್ರಾನನ್ನು ಮೇಲೆತ್ತಿದರೆ ಉಳಿಯುವ ತೂತು ಧನ ಆವೇಶದ ಕಣದ ಹಾಗೆ ನಡೆದುಕೊಳ್ಳುತ್ತದೆ. ಆ ತೂತೇ ಪ್ರೋಟಾನ್ ಇರಬೇಕು ಎಂದು ಮೊದಲು ಅವರು ಅಂದುಕೊಂಡಿದ್ದರು. ಹಾಗಿದ್ದರೆ ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ತನ್ನ ಪಕ್ಕದ ತೂತಿಗೆ ಬಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಪರಮಾಣುವೇ ಇಲ್ಲವಾಗುತ್ತಿತ್ತು ಎಂದು ಓಪನ್‌ಹೈಮರ್ ತೋರಿಸಿದರು. ತೂತಿನ ದ್ರವ್ಯರಾಶಿ ಎಲೆಕ್ಟ್ರಾನಿನಷ್ಟೇ ಇರಬೇಕು ಎಂದು ಗಣಿತಜ್ಞ ವೈಲ್ ಹೇಳಿದರು. 1931ರಲ್ಲಿ ಡಿರಾಕ್ ಒಪ್ಪಿ, ಇದು ಯಾರೂ ಇನ್ನೂ ಕಾಣದ ಹೊಸ ಕಣ ಎಂದು ಬರೆದರು.

ಮುಂದಿನ ವರ್ಷ, 1932ರ ಆಗಸ್ಟ್ 2ರಂದು, ಅಮೆರಿಕದ ಪ್ಯಾಸಡೀನಾದಲ್ಲಿ ಕಾರ್ಲ್ ಆಂಡರ್ಸನ್ ತೆಗೆದ ಒಂದು ಫೋಟೋ ಇದೆ. ಕಣ ಹಾದುಹೋದ ದಾರಿಯನ್ನು ಹನಿಗಳ ಗೆರೆಯಾಗಿ ತೋರಿಸುವ ಕ್ಲೌಡ್ ಛೇಂಬರಿನ ನಡುವೆ 6 ಮಿ.ಮೀ. ದಪ್ಪದ ಸೀಸದ ತಗಡು, ಸುತ್ತ ಬಲವಾದ ಕಾಂತಕ್ಷೇತ್ರ. ತಗಡನ್ನು ಹಾದುಹೋದ ಒಂದು ತೆಳು ಗೆರೆ. ತಗಡಿನ ಕೆಳಗೆ ಕಡಿಮೆ ಬಾಗಿದೆ, ಮೇಲೆ ಹೆಚ್ಚು ಬಾಗಿದೆ. ತಗಡಿನಲ್ಲಿ ಶಕ್ತಿ ಕಳೆದುಕೊಂಡ ಮೇಲೆ ತಾನೇ ಹೆಚ್ಚು ಬಾಗುವುದು? ಆದ್ದರಿಂದ ಕಣ ಕೆಳಗಿನಿಂದ ಮೇಲಕ್ಕೆ ಹೋಗಿದೆ. ದಿಕ್ಕು ಗೊತ್ತಾದರೆ ಬಾಗಿದ ಕಡೆ ನೋಡಿ ಆವೇಶದ ಚಿಹ್ನೆ ಹೇಳಬಹುದು: ಧನ. ಒಳಹೊಕ್ಕಾಗ 63 ಮೆಗಾ ಎಲೆಕ್ಟ್ರಾನ್ ವೋಲ್ಟ್, ಹೊರಬಂದಾಗ 23. ಅಷ್ಟೇ ಬಾಗುವ ಪ್ರೋಟಾನ್ ಆಗಿದ್ದರೆ ಅದರ ಶಕ್ತಿ ತೀರ ಕಡಿಮೆ ಇರಬೇಕಿತ್ತು, ಆ ಗೆರೆ ಅಷ್ಟು ದೂರ ಓಡುತ್ತಲೇ ಇರಲಿಲ್ಲ. ಒಂದು ತಗಡು, ಒಂದು ಗೆರೆ, ಅದರಿಂದ ಪಾಸಿಟ್ರಾನ್. ಆಂಡರ್ಸನ್ ಡಿರಾಕ್‌ನ ಕಣವನ್ನು ಹುಡುಕುತ್ತಿರಲಿಲ್ಲ, ವಿಶ್ವಕಿರಣಗಳನ್ನು ನೋಡುತ್ತಿದ್ದರು ಅಷ್ಟೇ.

ಇಷ್ಟೆಲ್ಲ ಗೆದ್ದ ಮಾದರಿ ಎರಡೇ ವರ್ಷದಲ್ಲಿ ತನ್ನ ಸಿಂಹಾಸನ ಕಳೆದುಕೊಂಡಿತು. 1934ರಲ್ಲಿ ಪೌಲಿ ಮತ್ತು ವೈಸ್‌ಕಾಫ್ ಸ್ಪಿನ್ (ಕಣದ ಹುಟ್ಟುಗುಣವಾದ ತಿರುಗು) ಇಲ್ಲದ ಕಣಗಳಿಗೆ ಕ್ಷೇತ್ರ ಸಿದ್ಧಾಂತ ಬರೆದರು; ಕಣಗಳನ್ನು ಜಾಗದ ತುಂಬ ಹರಡಿದ ಕ್ಷೇತ್ರದ ಕಂಪನಗಳೆಂದು ನೋಡುವ ಸಿದ್ಧಾಂತ ಅದು. ಇಂಥ ಕಣಗಳು ಪೌಲಿ ನಿಯಮಕ್ಕೆ ಒಳಪಡುವುದಿಲ್ಲ. ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಸೇರಬಹುದು. ಅಂದಮೇಲೆ ಅವುಗಳ ಕಡಲು ಎಂದೂ ತುಂಬುವುದೇ ಇಲ್ಲ. ಆದರೂ ಅವಕ್ಕೂ ಎದುರು ಆವೇಶದ ಜೋಡಿಗಳು, ಅಂದರೆ ಪ್ರತಿಕಣಗಳು ಬಂದವು, ಕಡಲಿನ ಹಂಗಿಲ್ಲದೆ. ಪೌಲಿಗೆ ಇದು ಎಷ್ಟು ಖುಷಿ ಕೊಟ್ಟಿತೆಂದರೆ, ಆ ಪ್ರಬಂಧವನ್ನು ‘ಡಿರಾಕ್ ವಿರೋಧಿ ಪ್ರಬಂಧ’ ಎಂದೇ ಕರೆದುಕೊಂಡು ಓಡಾಡಿದರು. 1947ರಲ್ಲಿ ವಿಶ್ವಕಿರಣಗಳಲ್ಲಿ ಸಿಕ್ಕ ಪಯಾನ್ ಅಂಥದ್ದೇ ಕಣ; ಅದರ ಧನ, ಋಣ ರೂಪಗಳು ಒಂದಕ್ಕೊಂದು ಪ್ರತಿಕಣ.

ಇನ್ನೊಂದು ತೊಡಕೂ ಇದೆ. ಎಲೆಕ್ಟ್ರಾನಿಗೆ ಒಂದು ಕಡಲಾದರೆ ಮ್ಯುಯಾನಿಗೆ ಇನ್ನೊಂದು ಬೇಕು, ಕ್ವಾರ್ಕುಗಳಿಗೆ ಮತ್ತಷ್ಟು. ನಿಮ್ಮದೇ ಜಿಲ್ಲೆಯ ಕೆಜಿಎಫ್‌ನಲ್ಲಿ, ಛಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಂ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರಲ್ಲ, ಆ ನ್ಯೂಟ್ರಿನೋಗೂ ಒಂದು ಕಡಲು ತುಂಬಿಸಬೇಕು. ಒಂದೊಂದೂ ಅನಂತ ಆಳದ್ದು, ಒಂದರ ಮೇಲೊಂದು. (ಇಲ್ಲಿ ಹಿಂದಿನ ಬೆಂಚಿನಿಂದ ಯಾರೋ ‘ಸಾರ್, ಕೋಲಾರಕ್ಕೆ ಅದರಲ್ಲಿ ಒಂದಾದ್ರೂ ಕೊಡ್ಸಿ’ ಎಂದರು. ನ್ಯಾಯವಾದ ಬೇಡಿಕೆ.)

ಹಾಗಾದರೆ ಡಿರಾಕ್ ಕಡಲು ಸತ್ತಿತೇ? ಎಲೆಕ್ಟ್ರಾನುಗಳ ಮಟ್ಟಿಗೆ ಕಡಲಿನ ಲೆಕ್ಕವೂ ಇವತ್ತಿನ ಕ್ಷೇತ್ರ ಸಿದ್ಧಾಂತದ ಲೆಕ್ಕವೂ ಒಂದೇ ಉತ್ತರ ಕೊಡುತ್ತವೆ. ತೂತು ಎನ್ನುವುದನ್ನು ಪಾಸಿಟ್ರಾನ್ ಎಂದು ಹೆಸರು ಬದಲಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಸೆಮಿಕಂಡಕ್ಟರ್ ಓದುವವರಂತೂ ದಿನವೂ ತೂತುಗಳ ಜೊತೆಗೇ ಬದುಕುವವರು. ಅಲ್ಲಿ ಕಡಲು ಕಲ್ಪನೆಯಲ್ಲ, ಸಿಲಿಕಾನಿನ ಒಳಗೆ ಇರುವ ನಿಜವಾದ ಎಲೆಕ್ಟ್ರಾನುಗಳು. 1983ರಲ್ಲಿ ನೀಲ್ಸನ್ ಮತ್ತು ನಿನೊಮಿಯಾ ಇನ್ನೂ ಒಂದು ಸೊಗಸಾದ ಕೆಲಸ ಮಾಡಿದರು. ಸಾಗುವ ದಿಕ್ಕಿಗೆ ಎಡಮುರಿಯಾಗಿ ತಿರುಗುವ ‘ಎಡಗೈ’ ಕಣಗಳ ಎಣಿಕೆ, ಬಲಮುರಿಯಾಗಿ ತಿರುಗುವ ‘ಬಲಗೈ’ ಕಣಗಳ ಎಣಿಕೆ ಬೇರೆಬೇರೆಯಾಗಿ ಉಳಿಯಬೇಕು ಎಂದು ಸಮೀಕರಣ ಹೇಳುತ್ತದೆ, ಆದರೆ ಕ್ವಾಂಟಂ ಲೆಕ್ಕದಲ್ಲಿ ಉಳಿಯುವುದಿಲ್ಲ. ಇದು ಯಾಕೆ ಎಂಬುದನ್ನು ಸೂತ್ರಗಳಲ್ಲಿ ನೋಡಿದರೆ ತಲೆ ಕೆಡುತ್ತದೆ. ಕಡಲಿನ ಚಿತ್ರದಲ್ಲಿ ನೋಡಿ: ವಿದ್ಯುತ್ ಕ್ಷೇತ್ರ ಕೊಟ್ಟಾಗ ಒಂದು ಕಡಲಿನ ಮಟ್ಟ ಏರುತ್ತದೆ, ಇನ್ನೊಂದರದು ಇಳಿಯುತ್ತದೆ, ಎರಡಕ್ಕೂ ತಳವಿಲ್ಲದ್ದರಿಂದ ಕೆಳಗೆ ಲೆಕ್ಕ ತಾಳೆ ಹಾಕುವವರು ಯಾರೂ ಇಲ್ಲ. ಅಷ್ಟೇ! ತೊಂಬತ್ತು ವರ್ಷ ಹಳೆಯ ಚಿತ್ರ ಇಷ್ಟು ಕೆಲಸ ಮಾಡುವಾಗ ಅದನ್ನು ಅಟ್ಟಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಜಗತ್ತಿನಲ್ಲಿ ನಿಜಕ್ಕೂ ಅಂಥ ಕಡಲಿದೆ ಎಂದು ಒಪ್ಪಲೂ ಕಾರಣ ಕಾಣುವುದಿಲ್ಲ.

ಈಗ ಎರಡನೆಯ ಮಾದರಿ. 1911ರಲ್ಲಿ ಪ್ಲಾಂಕ್ ತಮ್ಮ ವಿಕಿರಣ ಸಿದ್ಧಾಂತವನ್ನು ತಿದ್ದುವಾಗ, ತಾಪ ಪೂರ್ತಿ ಇಳಿದರೂ ಪ್ರತಿ ಆಂದೋಲಕದಲ್ಲಿ ಅರ್ಧ ಕ್ವಾಂಟಂ ಶಕ್ತಿ ಉಳಿಯುತ್ತದೆ ಎಂಬ ಪದ ಹೊರಬಿತ್ತು. 1916ರಲ್ಲಿ ನರ್ನ್‌ಸ್ಟ್ ಈ ಶಕ್ತಿ ಅಣುಗಳಿಗೆ ಮಾತ್ರ ಸೇರಿದ್ದಲ್ಲ, ಖಾಲಿ ಜಾಗದ ವಿಕಿರಣಕ್ಕೂ ಇದೆ ಎಂದರು. 1924ರಲ್ಲಿ ಮುಲಿಕನ್ ಬೋರಾನ್ ಮಾನಾಕ್ಸೈಡ್ ರೋಹಿತದ ಗೆರೆಗಳನ್ನು ಅಳೆದು, ಅಣುಗಳಲ್ಲಿ ಅರ್ಧ ಕ್ವಾಂಟಂ ನಿಜವಾಗಿ ಇದೆ ಎಂದು ತೋರಿಸಿದರು. ಅಣುಗಳಲ್ಲಿ ಇರುವುದು ಪ್ರಯೋಗಸಿದ್ಧ. ಖಾಲಿ ಜಾಗದಲ್ಲಿ?

ಇದಕ್ಕೆ ಪುರಾವೆ ಎಂದು ಎಲ್ಲರೂ ತೋರಿಸುವುದು ಕ್ಯಾಸಿಮಿರ್ ಬಲವನ್ನು. 1948ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿದ್ದ ಕ್ಯಾಸಿಮಿರ್ ಎರಡು ಲೋಹದ ತಟ್ಟೆಗಳನ್ನು ನಿರ್ವಾತದಲ್ಲಿ ಎದುರುಬದುರು ಇಟ್ಟರೆ ಅವು ಪರಸ್ಪರ ಸೆಳೆಯುತ್ತವೆ ಎಂದು ಲೆಕ್ಕ ಹಾಕಿದರು. ನಡುವಿನ ಅಂತರಕ್ಕೆ ಹೊಂದುವ ಅಲೆಗಳು ಮಾತ್ರ ಒಳಗೆ ಉಳಿಯುತ್ತವೆ, ಹೊರಗೆ ಎಲ್ಲವೂ ಇರುತ್ತವೆ, ಆ ವ್ಯತ್ಯಾಸವೇ ಬಲ. ಶೂನ್ಯಬಿಂದು ಶಕ್ತಿಯ ಕಡೆ ನೋಡುವಂತೆ ಬೋರ್ ಅವರ ಒಂದು ಗೊಣಗು ಮಾತು ತಮಗೆ ದಾರಿ ತೋರಿಸಿತು ಎಂದು ಕ್ಯಾಸಿಮಿರ್ ನೆನಪಿಸಿಕೊಂಡಿದ್ದಾರೆ. ಅಂತರ ಒಂದು ಮೈಕ್ರಾನ್ ಇದ್ದಾಗ ಒತ್ತಡ ಪ್ಯಾಸ್ಕಲ್‌ನ ಸಾವಿರದ ಒಂದು ಪಾಲಿನಷ್ಟು, ಅಂದರೆ ಏನೂ ಇಲ್ಲ. ಆದರೆ ಅಂತರ ಅರ್ಧವಾದರೆ ಬಲ ಹದಿನಾರು ಪಟ್ಟು. 10 ನ್ಯಾನೋಮೀಟರಿಗೆ ಬಂದರೆ, ಆದರ್ಶ ತಟ್ಟೆಗಳ ಸೂತ್ರದಂತೆ, ಒಂದು ವಾತಾವರಣದ ಒತ್ತಡಕ್ಕಿಂತ ಹೆಚ್ಚು.

1997ರಲ್ಲಿ ಲಾಮೊರೊ ಇದನ್ನು ಸುಮಾರು 5 ಪ್ರತಿಶತದ ಒಳಗೆ ಅಳೆದರು. ಎರಡು ಸಪಾಟು ತಟ್ಟೆಗಳನ್ನು ಮೈಕ್ರಾನಿನ ಅಂತರದಲ್ಲಿ ಸಮಾನಾಂತರ ಹಿಡಿಯುವುದು ಯಮಸಾಹಸ. ಅದಕ್ಕೆ ಒಂದನ್ನು ಸಪಾಟು, ಇನ್ನೊಂದನ್ನು ಮಸೂರದ ಹಾಗೆ ಉಬ್ಬಿದ್ದು ಮಾಡಿಕೊಂಡರು. ಅವುಗಳಲ್ಲಿ ಒಂದನ್ನು ತಿರುಚು ತೂಗುಯಂತ್ರದ ತೋಳಿಗೆ ಕಟ್ಟಿ, ಅದು ಎಷ್ಟು ತಿರುಗಲು ಹವಣಿಸುತ್ತದೆ ಎಂದು ನೋಡಿದರು. ಎರಡರ ಮೈಗೂ ಹಚ್ಚಿದ್ದು ಏನು ಗೊತ್ತೇ? ಚಿನ್ನ. ಇಲ್ಲಿ ಕೂತವರಿಗೆ ಇದು ಕೇಳಲು ಹಿತವಾಗುತ್ತದೆ ಅಂತ ಗೊತ್ತು, ಆದರೆ ಆ ಚಿನ್ನ ಸುಮ್ಮನೆ ಬಂದದ್ದಲ್ಲ. ಮುಂದಿನ ವಾದ ನಿಂತಿರುವುದೇ ಅದರ ಮೇಲೆ.

ಕ್ಯಾಸಿಮಿರ್ ಸೂತ್ರದಲ್ಲಿ ಎಲೆಕ್ಟ್ರಾನಿನ ಆವೇಶ ಎಲ್ಲೂ ಕಾಣುವುದಿಲ್ಲ. ಪ್ಲಾಂಕ್ ಸ್ಥಿರಾಂಕ, ಬೆಳಕಿನ ವೇಗ, ಅಂತರ, ಅಷ್ಟೇ. ಹಾಗಾಗಿ ಬಲ ನಿರ್ವಾತದ್ದೇ, ಲೋಹಕ್ಕೆ ಬರೀ ಗಡಿಯ ಕೆಲಸ ಎನ್ನಿಸುತ್ತದೆ. ಆದರೆ ಪರಿಪೂರ್ಣ ಕನ್ನಡಿ ಎಂಬ ಲೋಹ ಜಗತ್ತಿನಲ್ಲಿಲ್ಲ. 1950ರ ದಶಕದಲ್ಲಿ ಲಿಫ್‌ಶಿಟ್ಸ್ ನಿಜವಾದ ಪದಾರ್ಥಗಳಿಗೆ ಬರೆದ ಸಿದ್ಧಾಂತದಲ್ಲಿ ಬಲವು ಆ ಪದಾರ್ಥ ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ನಿಂತಿದೆ. ಚಿನ್ನದ ಬದಲು ಬೇರೆ ಲೋಹ ಹಚ್ಚಿದರೆ ಅಂಕಿ ಬದಲಾಗುತ್ತದೆ. 2005ರಲ್ಲಿ ಎಂಐಟಿಯ ಜಾಫಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು: ಆವೇಶದ ಬಲವನ್ನು ಸೊನ್ನೆಗೆ ಇಳಿಸಿದರೆ ಕ್ಯಾಸಿಮಿರ್ ಬಲವೂ ಸೊನ್ನೆ, ಆವೇಶಗಳ ನಡುವಿನ ಸಾಪೇಕ್ಷ ವ್ಯಾನ್ ಡೆರ್ ವಾಲ್ಸ್ ಬಲವೆಂದು (ಅಣುಗಳ ನಡುವೆ ಇರುವ ಸಣ್ಣ ಸೆಳೆತದ ಬಗೆ) ಪೂರ್ತಿ ಲೆಕ್ಕ ಮಾಡಬಹುದು, ನಿರ್ವಾತದ ಶಕ್ತಿಯ ಹೆಸರೇ ಎತ್ತಬೇಕಿಲ್ಲ. ಆದ್ದರಿಂದ ಈ ಬಲವನ್ನು ಖಾಲಿ ಜಾಗದ ಶಕ್ತಿಗೆ ಸಾಕ್ಷಿ ಎಂದು ಹಾಜರುಪಡಿಸುವಂತಿಲ್ಲ. ಈ ವಾದ ನನಗೆ ಒಪ್ಪಿಗೆ. ಹಾಗೆಂದು ಶೂನ್ಯಬಿಂದು ಶಕ್ತಿಯ ಮೂಲಕ ಮಾಡಿದ ಲೆಕ್ಕ ತಪ್ಪಾಗುವುದಿಲ್ಲ, ಅದೂ ಸರಿ. ಎರಡು ದಾರಿ, ಒಂದೇ ಊರು.

ಈ ಹೊತ್ತಿಗೆ ಸಭೆಯಲ್ಲಿದ್ದ ರೈತರೊಬ್ಬರು ಕೇಳಿದರು: ನಿರ್ವಾತದಿಂದ ಪುಕ್ಕಟೆ ಕರೆಂಟು ತೆಗೆಯುವ ಯಂತ್ರ ಎಂದು ವಿಡಿಯೋ ಬರುತ್ತದಲ್ಲ, ಅದರಿಂದ ಮೋಟರು ಓಡುತ್ತದೆಯೇ? ಓಡುವುದಿಲ್ಲ, ದುಡ್ಡು ಹಾಕಬೇಡಿ. ನಿರ್ವಾತ ಎಂದರೆ ಇರುವುದರಲ್ಲೇ ಕನಿಷ್ಠ ಶಕ್ತಿಯ ಸ್ಥಿತಿ; ಅದಕ್ಕಿಂತ ಕೆಳಗೆ ಇಳಿಯಲು ಮೆಟ್ಟಿಲಿಲ್ಲ. ಕ್ಯಾಸಿಮಿರ್ ತಟ್ಟೆಗಳು ಹತ್ತಿರ ಬರುವಾಗ ಚೂರು ಕೆಲಸ ಮಾಡಿಕೊಡುತ್ತವೆ ನಿಜ, ಮತ್ತೆ ದೂರ ಎಳೆಯಲು ಅಷ್ಟನ್ನೂ ನೀವೇ ಹಾಕಬೇಕು.

ಶೂನ್ಯಬಿಂದು ವಿಕಿರಣವನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವರು ಮಾರ್ಷಲ್ ಮತ್ತು ಬೋಯರ್. 1960ರ ದಶಕದಲ್ಲಿ ಅವರು ಹೂಡಿದ ವಾದ ಇದು: ಕ್ವಾಂಟಂ ನಿಯಮಗಳೇ ಬೇಡ. ಹಳೆಯ ಮ್ಯಾಕ್ಸ್‌ವೆಲ್, ಹಳೆಯ ನ್ಯೂಟನ್ ಇರಲಿ. ಜಾಗದ ತುಂಬ ಅಡ್ಡಾದಿಡ್ಡಿ ವಿದ್ಯುತ್ಕಾಂತ ಅಲೆಗಳು ನಿಜವಾಗಿ ಇವೆ ಎಂದಷ್ಟೇ ಸೇರಿಸಿ. ಆ ಅಲೆಗಳ ಶಕ್ತಿ ಆವರ್ತನದ ಘನಕ್ಕೆ ತಕ್ಕಂತೆ ಹಂಚಿಕೆಯಾಗಿದ್ದರೆ ಒಂದೇ ವೇಗದಲ್ಲಿ ಓಡುತ್ತಿರುವ ಯಾರಿಗೂ ತಾನು ಓಡುತ್ತಿದ್ದೇನೆಂದು ಅದರಿಂದ ಗೊತ್ತಾಗದು, ಆದ್ದರಿಂದ 1887ರಲ್ಲಿ ಮೈಕೆಲ್ಸನ್ ಮತ್ತು ಮೋರ್ಲಿ ಹಳೆಯ ಈಥರಿಗೆ ಕೊಟ್ಟ ಪೆಟ್ಟು ಇದಕ್ಕೆ ತಗಲುವುದಿಲ್ಲ. ಇಷ್ಟರಿಂದಲೇ ಪ್ಲಾಂಕ್‌ನ ವಿಕಿರಣ ನಿಯಮ, ಕ್ಯಾಸಿಮಿರ್ ಬಲ, ವ್ಯಾನ್ ಡೆರ್ ವಾಲ್ಸ್ ಬಲ ಎಲ್ಲ ಬಂದವು. ಪರಮಾಣು ಯಾಕೆ ಕುಸಿಯುವುದಿಲ್ಲ ಎಂಬುದಕ್ಕೂ ಚೆಂದದ ಉತ್ತರವಿತ್ತು: ಎಲೆಕ್ಟ್ರಾನ್ ಸೂಸಿ ಕಳೆದುಕೊಂಡದ್ದನ್ನು ಹಿನ್ನೆಲೆಯ ಅಲೆಗಳು ತುಂಬಿಕೊಡುತ್ತವೆ.

ಈ ಮಾದರಿಯ ಮೇಲೆ ನನಗೆ ಗೌರವವಿದೆ, ಯಾಕೆಂದರೆ ಇದು ಜಾರಿಕೊಳ್ಳಲಿಲ್ಲ. ಲೆಕ್ಕಕ್ಕೆ ಸಿಕ್ಕಿತು, ಸಿಕ್ಕು ಸೋತಿತು. 2003ರಲ್ಲಿ ಕೋಲ್ ಮತ್ತು ಝೋ ಹೈಡ್ರೋಜನ್ನನ್ನು ಕಂಪ್ಯೂಟರಿನಲ್ಲಿ ಓಡಿಸಿದಾಗ ಎಲೆಕ್ಟ್ರಾನಿನ ಹರವು ಕ್ವಾಂಟಂ ಸಿದ್ಧಾಂತದ ಹರವನ್ನೇ ಹೋಲಿತು. ಎಲ್ಲರೂ ಕಣ್ಣರಳಿಸಿದರು. 2015ರ ಸುಮಾರಿಗೆ ನ್ಯೂವೆನ್‌ಹೌಸೆನ್ ಮತ್ತು ಲಿಸ್ಕಾ ಅದನ್ನೇ ಇನ್ನೂ ಹೆಚ್ಚು ಹೊತ್ತು ಓಡಿಸಿದರು. ಹಿನ್ನೆಲೆಯ ಅಲೆಗಳು ಅಗತ್ಯಕ್ಕಿಂತ ಹೆಚ್ಚು ಶಕ್ತಿ ಕೊಡುತ್ತಾ ಹೋಗಿ ಎಲೆಕ್ಟ್ರಾನ್ ಪರಮಾಣುವನ್ನೇ ಬಿಟ್ಟು ಹೊರಟುಹೋಯಿತು. ಅದೇ 2015ರಲ್ಲಿ ಡೆಲ್ಫ್ಟ್, ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನಲ್ಲಿ ಲೋಪದೋಷ ಮುಚ್ಚಿದ ಬೆಲ್ ಪರೀಕ್ಷೆಗಳು, ಅಂದರೆ ದೂರ ಇಟ್ಟ ಎರಡು ಕಣಗಳ ಅಳತೆಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಎಂದು ನೋಡುವ ಪ್ರಯೋಗಗಳು ನಡೆದವು. ಅಲ್ಲಲ್ಲೇ ಇರುವ, ಬೆಳಕಿಗಿಂತ ವೇಗವಾಗಿ ಪ್ರಭಾವ ಬೀರದ ಅಲೆಗಳಿಂದ ಆ ಫಲಿತಾಂಶ ಬರಲಾರದು. ಕ್ವಾಂಟಂ ಸಿದ್ಧಾಂತಕ್ಕೆ ಪ್ರತಿಸ್ಪರ್ಧಿ ಎಂಬ ಪಾತ್ರದಲ್ಲಿ ಈ ಮಾದರಿ ಇನ್ನು ಏಳುವುದು ಕಷ್ಟ.

ಆದರೆ ಎಲ್ಲ ಮಾದರಿಗಳ, ಇವತ್ತಿನ ಕ್ಷೇತ್ರ ಸಿದ್ಧಾಂತವೂ ಸೇರಿ, ಕುತ್ತಿಗೆಗೆ ಬಂದಿರುವುದು ಒಂದೇ ಪ್ರಶ್ನೆ. ಈ ಶಕ್ತಿಗೆ ತೂಕ ಇದೆಯೇ?

ಗುರುತ್ವವನ್ನು ಬಿಟ್ಟರೆ ಭೌತಶಾಸ್ತ್ರದ ಬೇರೆಲ್ಲ ಕಡೆ ಶಕ್ತಿಯ ವ್ಯತ್ಯಾಸ ಮಾತ್ರ ಮುಖ್ಯ. ಈ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರದ ಇನ್ನೂರು ಅಡಿ ಹೋಯಿತು ಎಂದರೆ ನೆಲಮಟ್ಟದಿಂದ ಲೆಕ್ಕ. ಸಮುದ್ರಮಟ್ಟದಿಂದ ಎಷ್ಟು ಎಂದು ಬೋರ್‌ವೆಲ್ ಲಾರಿಯವನನ್ನು ಯಾರೂ ಕೇಳುವುದಿಲ್ಲ, ಬಿಲ್ಲೂ ಬದಲಾಗುವುದಿಲ್ಲ. ನಿರ್ವಾತದ ಅನಂತ ಶಕ್ತಿಯನ್ನು ನಾವು ಹೀಗೇ ಸೊನ್ನೆ ಎಂದು ಇಟ್ಟುಕೊಂಡು ಬಂದೆವು. ಐನ್‌ಸ್ಟೈನ್ ಸಿದ್ಧಾಂತ ಈ ರಿಯಾಯಿತಿ ಕೊಡುವುದಿಲ್ಲ. ಅಲ್ಲಿ ಒಟ್ಟು ಶಕ್ತಿಯೇ ಗುರುತ್ವವನ್ನು ಹುಟ್ಟಿಸುತ್ತದೆ.

ಪೌಲಿ ಬಹಳ ಹಿಂದೆಯೇ ಈ ಲೆಕ್ಕ ಹಾಕಿ, ಖಾಲಿ ಜಾಗದ ಅಲೆಗಳಿಗೆ ತೂಕವಿದ್ದರೆ ವಿಶ್ವ ಚಂದ್ರನವರೆಗೂ ಚಾಚಿಕೊಳ್ಳುತ್ತಿರಲಿಲ್ಲ ಎಂದು ನಗುತ್ತಿದ್ದರೆಂದು ಅವರ ಸಹಾಯಕರಾಗಿದ್ದವರು ಹೇಳಿದ್ದಾರೆ. ಎಲೆಕ್ಟ್ರಾನಿನ ಸಾಂಪ್ರದಾಯಿಕ ತ್ರಿಜ್ಯಕ್ಕಿಂತ ಚಿಕ್ಕ ಅಲೆಗಳನ್ನು ಬಿಟ್ಟು ಆ ಲೆಕ್ಕವನ್ನು ಮತ್ತೆ ಮಾಡಿದವರಿಗೆ ಸಿಕ್ಕ ವಿಶ್ವದ ತ್ರಿಜ್ಯ 31 ಕಿ.ಮೀ. ಇಲ್ಲಿಂದ ಕೆಜಿಎಫ್‌ಗೆ ಹೆಚ್ಚುಕಡಿಮೆ ಅಷ್ಟೇ ದೂರ. ಅಲೆಗಳನ್ನು ಪ್ಲಾಂಕ್ ಅಳತೆಯವರೆಗೆ (ಇವತ್ತಿನ ಸಿದ್ಧಾಂತಗಳು ಮುಟ್ಟಬಲ್ಲ ಅತಿ ಚಿಕ್ಕ ಉದ್ದದವರೆಗೆ) ಎಣಿಸಿದರೆ ಬರುವ ಉತ್ತರ, 1998ರಲ್ಲಿ ಸೂಪರ್‌ನೋವಾಗಳಿಂದ ಗೊತ್ತಾದ ವಿಶ್ವದ ವೇಗೋತ್ಕರ್ಷಕ್ಕೆ ಬೇಕಾದ ಶಕ್ತಿಗಿಂತ ಸುಮಾರು 120 ಸೊನ್ನೆಗಳಷ್ಟು ಹೆಚ್ಚು.

ಹಾಗಾದರೆ ಈ ಶಕ್ತಿಗೆ ತೂಕವೇ ಇಲ್ಲ ಎಂದುಬಿಡೋಣವೇ? ಅದೂ ಸುಲಭವಿಲ್ಲ. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಹೈಡ್ರೋಜನ್ನಿನಲ್ಲಿ ಕಂಡ ಸಣ್ಣ ಶಕ್ತಿ ವ್ಯತ್ಯಾಸ ಇದೇ ಬಗೆಯ ನಿರ್ವಾತ ಪರಿಣಾಮಗಳಿಂದ ಬರುತ್ತದೆ. ಭಾರವಾದ ಪರಮಾಣುಗಳಲ್ಲಿ ಇಂಥ ಶಕ್ತಿಯ ಪಾಲು ಇನ್ನೂ ದೊಡ್ಡದು, ಧಾತುವಿನಿಂದ ಧಾತುವಿಗೆ ಬೇರೆ. ಅದಕ್ಕೆ ತೂಕ ಇಲ್ಲದಿದ್ದರೆ ಬೇರೆಬೇರೆ ಲೋಹದ ಗುಂಡುಗಳು ಬೇರೆಬೇರೆ ವೇಗೋತ್ಕರ್ಷದಲ್ಲಿ ಬೀಳಬೇಕಿತ್ತು. ಅತಿ ನವಿರಾದ ಪರೀಕ್ಷೆಗಳಲ್ಲೂ ಒಂದೇ ಥರ ಬೀಳುತ್ತವೆ. ಪರಮಾಣುವಿನ ಒಳಗೆ ತೂಗುವ ಶಕ್ತಿ ಹೊರಗೆ ತೂಗುವುದಿಲ್ಲ ಎನ್ನಬೇಕಾದರೆ ಕಾರಣ ಕೊಡಬೇಕು. ಈವರೆಗೆ ಎಲ್ಲರೂ ಒಪ್ಪುವ ಕಾರಣ ಯಾರ ಬಳಿಯೂ ಇಲ್ಲ.

ಈಥರ್ ಮತ್ತೆ ಬಾಗಿಲು ಬಡಿಯುವುದು ಇಲ್ಲೇ. ಡಿರಾಕ್ ಅವರೇ 1951ರಲ್ಲಿ, ಈಥರಿನ ವೇಗವೂ ಕ್ವಾಂಟಂ ಅನಿಶ್ಚಿತತೆಗೆ ಒಳಪಟ್ಟರೆ ಅದಕ್ಕೆ ಮತ್ತೆ ಜಾಗ ಉಂಟು ಎಂದು ಬರೆದಿದ್ದರು. 1976ರಲ್ಲಿ ಬೆಂಗಳೂರಿನಲ್ಲಿದ್ದ ಕೆ.ಪಿ. ಸಿನ್ಹಾ ಮತ್ತು ಸಿ. ಶಿವರಾಂ, ಇ.ಸಿ.ಜಿ. ಸುದರ್ಶನ್ ಜೊತೆ ಸೇರಿ ಬರೆದ ಪ್ರಬಂಧಗಳು ಇನ್ನೂ ಧೈರ್ಯದವು: ನಿರ್ವಾತವು ಕಣ, ಪ್ರತಿಕಣ ಜೋಡಿಗಳ ಅತಿದ್ರವ (ಘರ್ಷಣೆಯಿಲ್ಲದೆ ಹರಿಯುವ ದ್ರವ), ಐನ್‌ಸ್ಟೈನ್ ಸಮೀಕರಣದಲ್ಲಿ ಖಾಲಿ ಜಾಗದ ಶಕ್ತಿಯಂತೆ ನಡೆದುಕೊಳ್ಳುವ ವಿಶ್ವವೈಜ್ಞಾನಿಕ ಸ್ಥಿರಾಂಕ ಸ್ಥಿರವಲ್ಲ, ಕಾಲದೊಂದಿಗೆ ಬದಲಾಗುವಂಥದ್ದು. ಇಲ್ಲಿಂದ ಎಪ್ಪತ್ತು ಕಿ.ಮೀ. ದೂರದಲ್ಲಿ ನಡೆದ ಕೆಲಸ, ನಮ್ಮ ಪಠ್ಯಗಳಲ್ಲಿ ಒಂದು ಸಾಲೂ ಇಲ್ಲ. ಇಂಥ ಚಿತ್ರದ ಆಕರ್ಷಣೆ ಏನೆಂದರೆ, ನಿಶ್ಚಲವಾಗಿ ತನ್ನಷ್ಟಕ್ಕೆ ತಾನಿರುವ ದ್ರವದಲ್ಲಿ ಅಲೆಗಳ ಶೂನ್ಯಬಿಂದು ಶಕ್ತಿ ಎಷ್ಟೇ ಇರಲಿ, ಒಳಗಿನ ಪರಮಾಣುಗಳ ಪಾಲು ಅದನ್ನು ತಾನಾಗಿ ಸರಿದೂಗಿಸಿ ಒಟ್ಟು ಸೊನ್ನೆಯ ಹತ್ತಿರ ತರುತ್ತದೆ. ರಷ್ಯಾ ಮೂಲದ ವೊಲೊವಿಕ್ ಹೀಲಿಯಂ ಉದಾಹರಣೆ ಹಿಡಿದು ವರ್ಷಗಟ್ಟಲೆ ವಾದಿಸಿದ್ದು ಇದನ್ನೇ.

ಬೆಲೆ ಏನು? ದ್ರವ ಎಂದಮೇಲೆ ಅದಕ್ಕೆ ತನ್ನದೇ ಒಂದು ವಿಶ್ರಾಂತ ಸ್ಥಿತಿ ಇರುತ್ತದೆ, ಒಳಗೆ ಕಣಗಳಿರುತ್ತವೆ. ತೀರ ಚಿಕ್ಕ ಅಲೆಗಳಿಗೆ ಆ ಒರಟುತನ ತಟ್ಟಬೇಕು. ಅಂದರೆ ಹೆಚ್ಚು ಶಕ್ತಿಯ ಬೆಳಕು ಕಡಿಮೆ ಶಕ್ತಿಯ ಬೆಳಕಿಗಿಂತ ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಹೋಗಬೇಕು. 2009ರ ಮೇ 10ರಂದು ಫರ್ಮಿ ದೂರದರ್ಶಕ ಒಂದು ಗಾಮಾ ಸ್ಫೋಟವನ್ನು ಕಂಡಿತು. ಸುಮಾರು 730 ಕೋಟಿ ವರ್ಷ ಪಯಣಿಸಿ ಬಂದ ಆ ಬೆಳಕಿನಲ್ಲಿ 31 ಗಿಗಾ ಎಲೆಕ್ಟ್ರಾನ್ ವೋಲ್ಟಿನ ಒಂದು ಫೋಟಾನ್, ಉಳಿದ ಮಂದೆಯ ಜೊತೆ ಒಂದು ಸೆಕೆಂಡಿನೊಳಗೆ ತಲುಪಿತ್ತು. ಪ್ಲಾಂಕ್ ಅಳತೆಯ ಒರಟುತನ ಬೆಳಕಿನ ವೇಗವನ್ನು ಶಕ್ತಿಗೆ ನೇರ ಅನುಪಾತದಲ್ಲಿ ಬದಲಿಸುತ್ತದೆ ಎನ್ನುವ ಮಾದರಿಗಳಿಗೆ ಆ ಒಂದು ಫೋಟಾನ್ ಸಾಕಾಯಿತು. ವರ್ಗಾನುಪಾತದಲ್ಲಿ ಬದಲಿಸುತ್ತದೆ ಎನ್ನುವವರು ಇನ್ನೂ ಬದುಕಿದ್ದಾರೆ, ಅಂಚಿನಲ್ಲಿ.

ಕಾಲದೊಂದಿಗೆ ಬದಲಾಗುವ ಸ್ಥಿರಾಂಕದ ಮಾತಿಗೆ ಈಗ ಬೇರೆ ಕಡೆಯಿಂದ ಗಮನ ಬಂದಿದೆ. ಅರಿಝೋನಾದ ಡೆಸಿ ಉಪಕರಣ ಕೋಟ್ಯಂತರ ಗೆಲಾಕ್ಸಿಗಳ ಹಂಚಿಕೆ ಅಳೆದು, 2024 ಮತ್ತು 2025ರಲ್ಲಿ ಕೊಟ್ಟ ಫಲಿತಾಂಶಗಳಲ್ಲಿ, ವಿಶ್ವದ ವೇಗೋತ್ಕರ್ಷಕ್ಕೆ ಕಾರಣ ಎನ್ನುವ ಕಪ್ಪು ಶಕ್ತಿ ಸ್ಥಿರವಾಗಿಲ್ಲ, ಕ್ಷೀಣಿಸುತ್ತಿರಬಹುದು ಎಂಬ ಸುಳಿವಿದೆ. ಯಾವ ಸೂಪರ್‌ನೋವಾ ಪಟ್ಟಿಯ ಜೊತೆ ಸೇರಿಸುತ್ತೀರಿ ಎಂಬುದರ ಮೇಲೆ ಸುಳಿವಿನ ಬಲ 2.8 ರಿಂದ 4.2 ಸಿಗ್ಮಾ (ಫಲಿತಾಂಶ ಬರೀ ಆಕಸ್ಮಿಕವಲ್ಲ ಎನ್ನುವ ಭರವಸೆಯ ಅಳತೆ), ಶೋಧ ಎಂದು ಸಾರಲು ಬೇಕಾದದ್ದು 5. ಅದು ನಿಂತರೆ, ಕಪ್ಪು ಶಕ್ತಿ ಎಂದರೆ ಬರೀ ನಿರ್ವಾತದ ಶೂನ್ಯಬಿಂದು ಶಕ್ತಿ ಎನ್ನುವ ಮಾತು ಬೀಳುತ್ತದೆ, ಯಾಕೆಂದರೆ ಆ ಶಕ್ತಿ ವಿಶ್ವ ಹಿಗ್ಗಿದರೂ ತೆಳುವಾಗುವುದಿಲ್ಲ. ಆದರೆ ಅಷ್ಟರಿಂದ 1976ರ ಅತಿದ್ರವ ಗೆದ್ದಂತಾಗದು. ಅದು ಎಷ್ಟು ವೇಗವಾಗಿ ಇಳಿಯಬೇಕು ಎಂಬ ಅಂಕಿಯನ್ನು ಯಾರಾದರೂ ಕೂತು ಲೆಕ್ಕ ಹಾಕಿ ಈ ಹೊಸ ಅಳತೆಯ ಪಕ್ಕ ಇಡಬೇಕು. ಇಲ್ಲಿ ಎಂ.ಎಸ್ಸಿ.ಗೆ ಹೋಗುವವರು ಯಾರಾದರೂ ಇದ್ದರೆ, ಪ್ರಾಜೆಕ್ಟಿಗೆ ಕೆಟ್ಟ ವಿಷಯವೇನಲ್ಲ.